ಹಿಂಸೆಯ ಮೂಲವನ್ನು ಅರಸುತ್ತ

2002ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಬರ್ಲಿನ್ ನಗರದ ಒಂದು ಸ್ಮಶಾನದಲ್ಲಿ, ಇಪ್ಪತ್ತಾರು ವರ್ಷಗಳ ಹಿಂದೆ ಮಣ್ಣು ಮುಚ್ಚಿದ್ದ ಗೋರಿಯಲ್ಲಿ, ಅಲ್ಲಿ ಮಲಗಿದ್ದ ಹೆಂಗಸಿನ ಮಿದುಳಿನ ಬೂದಿಯನ್ನು ಇರಿಸಲಾಯಿತು. ದೇಹವನ್ನು 1976ರಲ್ಲಿಯೇ ಹೂಳಿದ್ದರು. ಆದರೆ ಮಿದುಳನ್ನು ಮಾತ್ರ ವೈದ್ಯರು ತೆಗೆದಿಟ್ಟುಕೊಂಡಿದ್ದರು. ಮನೆಯವರಿಗೆ ಅದರ ಸುಳಿವೇ ಇರಲಿಲ್ಲ. ಮೊದಲು ಟ್ಯೂಬಿಂಗನ್ನಿನ ವಿಶ್ವವಿದ್ಯಾನಿಲಯದಲ್ಲಿ, 1997ರಿಂದ ಮಾಗ್ಡೆಬರ್ಗಿನಲ್ಲಿ, ಆ ಮಿದುಳು ಸಂಶೋಧನೆಯ ವಸ್ತುವಾಗಿ ಉಳಿದಿತ್ತು. ಪತ್ರಿಕಾಕರ್ತೆಯಾಗಿದ್ದ ಅವಳ ಮಗಳು ಆ ಸಂಗತಿಯನ್ನು ಬಯಲಿಗೆ ತಂದ ಮೇಲೆ ತಾಯಿಯ ಉಳಿದ ಭಾಗ ತಾಯಿಯನ್ನು ಸೇರಿತು.

ಆ ಹೆಂಗಸಿನ ಹೆಸರು ಉಲ್ರೀಕೆ ಮೈನ್‌ಹೋಫ್. ಪಶ್ಚಿಮ ಜರ್ಮನಿಯನ್ನು 1970ರ ದಶಕದಲ್ಲಿ ನಡುಗಿಸಿದ ‘ಕೆಂಪು ಸೇನಾದಳ’ವೆಂಬ ಗುಪ್ತ ಸಂಘಟನೆಯ ಸ್ಥಾಪಕರಲ್ಲಿ ಆಕೆಯೂ ಒಬ್ಬಳು. ಅದಕ್ಕೆ ಮೊದಲು ಆಕೆ ಹೆಸರಾಂತ ಲೇಖಕಿ. ಹ್ಯಾಂಬರ್ಗಿನ ಒಂದು ಪತ್ರಿಕೆಯಲ್ಲಿ ಆಕೆಯ ಅಂಕಣಗಳನ್ನು ವಿದ್ಯಾವಂತರೆಲ್ಲ ಓದುತ್ತಿದ್ದರು. 1962ರಲ್ಲಿ, ಅವಳಿ ಹೆಣ್ಣುಮಕ್ಕಳು ಹುಟ್ಟಿದ ಸ್ವಲ್ಪ ಕಾಲಕ್ಕೆ, ಮಿದುಳಿನಲ್ಲಿ ಗಡ್ಡೆಯಿದೆಯೆಂಬ ಶಂಕೆಯಿಂದ ಆಕೆಗೆ ಶಸ್ತ್ರಚಿಕಿತ್ಸೆಯಾಯಿತು. ತೆರೆದು ನೋಡಿದಾಗ ಕಂಡದ್ದು ಊದಿಕೊಂಡ ರಕ್ತನಾಳ. ಅದಕ್ಕೆ ಬೆಳ್ಳಿಯ ಚಿಮುಟಿಯೊಂದನ್ನು ಹಾಕಿ ಬಿಟ್ಟರು. ಹತ್ತು ವರ್ಷಗಳ ಮೇಲೆ ಪೋಲೀಸರ ಕೈಗೆ ಸಿಕ್ಕಾಗ ಆಕೆಯ ಗುರುತನ್ನು ಖಚಿತಪಡಿಸುವುದಕ್ಕೆ ಕ್ಷಕಿರಣದ ಚಿತ್ರದಲ್ಲಿ ಕಂಡ ಆ ಚಿಮುಟಿಯೇ ಸಹಾಯವಾಯಿತಂತೆ. ಸೆರೆಮನೆಯಲ್ಲಿ ಆಕೆ ಸತ್ತ ಬಳಿಕ ವೈದ್ಯರಿಗೆ ಹೊಳೆದದ್ದೂ ಆ ಹಳೆಯ ಗಾಯವೇ. ಸಿಟ್ಟು, ಭಯ ಮುಂತಾದ ಭಾವಗಳನ್ನು ಹದದಲ್ಲಿಡುವ ಭಾಗಕ್ಕೆ ಪೆಟ್ಟಾಗಿದ್ದರಿಂದ ಶಾಂತಿವಾದಿಯಾಗಿದ್ದ ಲೇಖಕಿ ಬಂದೂಕನ್ನು ಹಿಡಿದಿರಬಹುದೇ ಎಂದು ಅವರು ಯೋಚಿಸಿದರು.

ಈ ಊಹೆಯನ್ನು ಕೇಳಿ ನಗುವುದು ಸುಲಭ. ಆದರೆ ಅದರ ಹಿಂದಿದ್ದ ಪ್ರಶ್ನೆ ನಮ್ಮೆಲ್ಲರದೂ ಆಗಿದೆ. ಬೆಳಗಿನ ಪತ್ರಿಕೆಯಲ್ಲಿ ಎಲ್ಲಿಯೋ ಒಂದು ಸಂತೆಯಲ್ಲಿ, ರೈಲಿನಲ್ಲಿ, ಪ್ರಾರ್ಥನಾ ಮಂದಿರದಲ್ಲಿ ಬಾಂಬು ಸಿಡಿದು ಏನೂ ಅರಿಯದವರು ಸತ್ತ ಸುದ್ದಿಯನ್ನು ಓದಿದೊಡನೆ, “ಇಂಥ ಕೆಲಸ ಮಾಡಿದವನು ಮನುಷ್ಯನೇ?” ಎಂಬ ಉದ್ಗಾರ ತಾನಾಗಿ ಬರುತ್ತದೆ. ಮನುಷ್ಯನಲ್ಲ, ಇಲ್ಲವೇ ತಲೆ ಕೆಟ್ಟ ಮನುಷ್ಯ ಎಂಬ ಉತ್ತರ ಬಂದರೆ ನಮಗೊಂದು ಸಮಾಧಾನ. ಕೊಲೆಗಾರನಿಗೂ ನಮಗೂ ನಡುವೆ ಗೋಡೆ ಎದ್ದು ನಿಲ್ಲುತ್ತದೆ. ಕಳೆದ ಐವತ್ತು ವರ್ಷಗಳಿಂದ ಮನಶ್ಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಆ ಗೋಡೆಯನ್ನು ಹುಡುಕಿದ್ದಾರೆ. ಅವರಿಗೆ ಅದು ಸಿಕ್ಕಿಲ್ಲವೆಂಬುದೇ ಈ ವಿದ್ಯೆಯ ಮುಖ್ಯ ಫಲಿತಾಂಶ. ಅದು ನಮಗೆ ಅಷ್ಟೇನೂ ಹಿತವಾದ ಫಲಿತಾಂಶವಲ್ಲ.

ಮೊದಲು ಹೆಸರಿನ ಮಾತು. ಕನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವವನಿಗೆ ಶಬ್ದಗಳ ಚಾಪಲ್ಯ ಬಿಡದು. ‘ಭಯೋತ್ಪಾದನೆ’ ಎಂಬುದು ಭಯವನ್ನೇ ತಲೆಯ ಮೇಲೆ ಹೊತ್ತ ಸಮಾಸ. ನೆದರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸ್ ಶ್ಮಿಡ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಈ ಪದಕ್ಕೆ ಸಮನಾದ ಪಾಶ್ಚಾತ್ಯ ಪದಕ್ಕೆ ಪಂಡಿತರು ಕೊಟ್ಟಿದ್ದ 109 ಲಕ್ಷಣಗಳನ್ನು ಒಟ್ಟುಗೂಡಿಸಿ ಎಣಿಸಿದರು. ಅವುಗಳಲ್ಲಿ ನೂರಕ್ಕೆ 83ಕ್ಕಿಂತ ಹೆಚ್ಚಿನವುಗಳಲ್ಲಿ ಹಿಂಸೆಯ ಪ್ರಸ್ತಾಪವಿತ್ತು. ಭಯದ ಮಾತಿದ್ದದ್ದು ಸುಮಾರು ಅರ್ಧದಷ್ಟರಲ್ಲಿ ಮಾತ್ರ. ಒಂದೇ ವಸ್ತುವಿಗೆ 109 ಲಕ್ಷಣಗಳಿದ್ದರೆ ಅದು ಅಲಂಕಾರಶಾಸ್ತ್ರದಲ್ಲಿಯೂ ಕಷ್ಟ, ನ್ಯಾಯಶಾಸ್ತ್ರದಲ್ಲಿಯೂ ಕಷ್ಟ! ನಮ್ಮಲ್ಲಿಯೂ ಈ ಕಷ್ಟ ಉಂಟು. ಬ್ರಿಟಿಷರ ಕಡತಗಳಲ್ಲಿ ಭಗತ್ ಸಿಂಗರ ಸಂಗಡಿಗರೆಲ್ಲ ಭಯೋತ್ಪಾದಕರೇ. ಸ್ವತಂತ್ರ ಭಾರತದ ಇತಿಹಾಸಕಾರರಾದ ಬಿಪನ್ ಚಂದ್ರ ಮತ್ತು ಅವರ ಸಹಲೇಖಕರು ‘ಕ್ರಾಂತಿಕಾರಿ ಭಯೋತ್ಪಾದನೆ’ ಎಂಬ ಮಾತನ್ನು ನಿಂದೆಯ ಉದ್ದೇಶವಿಲ್ಲದೆ ಬಳಸಿದ್ದು, 2016ರಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಇತಿಹಾಸಕಾರರು ಬರೆದಂದಿನ ಅರ್ಥ ಬೇರೆ, ಓದುಗರ ಕಿವಿಗೆ ಬಿದ್ದಂದಿನ ಅರ್ಥ ಬೇರೆ. ನಡುವೆ ಲೋಕದಲ್ಲಿ ಏನೇನೋ ಆಗಿಹೋಗಿತ್ತು. ಈ ಚರ್ಚೆಗೆ ಕೊನೆಯಿಲ್ಲವಾದ್ದರಿಂದ ಇಲ್ಲಿಗೇ ಬಿಟ್ಟು ಮುಂದೆ ಹೋಗೋಣ.

ಮಿದುಳಿನಲ್ಲಿ ಇಲ್ಲದಿದ್ದರೆ ಬಾಲ್ಯದಲ್ಲಿದ್ದೀತೇ? ಪಶ್ಚಿಮ ಜರ್ಮನಿಯ ಒಳಾಡಳಿತದ ಮಂತ್ರಿಶಾಖೆ ವಿದ್ವಾಂಸರ ಒಂದು ತಂಡಕ್ಕೆ ಈ ಕೆಲಸವನ್ನು ಒಪ್ಪಿಸಿತು. ಎಡಪಂಥದ 227 ಜನ, ಬಲಪಂಥದ 23 ಜನ, ಹೀಗೆ 250 ಜೀವನಗಳನ್ನು ಅವರು ಶೋಧಿಸಿದರು. 1981ರಿಂದ ಮುಂದಕ್ಕೆ ಫಲಿತಾಂಶಗಳು ಸಂಪುಟಗಳಾಗಿ ಹೊರಬಿದ್ದವು. ಅವರಲ್ಲಿ ಸುಮಾರು ಕಾಲುಭಾಗದವರು ಹದಿನಾಲ್ಕು ವರ್ಷ ತುಂಬುವುದರೊಳಗೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡಿದ್ದರಂತೆ. ಉಲ್ರೀಕೆಯ ತಂದೆ ತೀರಿಕೊಂಡದ್ದು 1940ರಲ್ಲಿ, ಆಕೆಗೆ ಐದು ವರ್ಷ. ತಾಯಿ ಹೋದದ್ದು 1949ರಲ್ಲಿ, ಆಕೆಗೆ ಹದಿನಾಲ್ಕು. ಓದಿದೊಡನೆ “ಹಾಂ, ಸಿಕ್ಕಿತು!” ಎನಿಸುತ್ತದೆ. ಆದರೆ ಇವರೆಲ್ಲ ಹುಟ್ಟಿ ಬೆಳೆದ ಕಾಲವಾದರೂ ಯಾವುದು? ಮಹಾಯುದ್ಧ ಮತ್ತು ಅದರ ಹಿಂದುಮುಂದಿನ ಕಾಲ. ತಂದೆಯಿಲ್ಲದ ಮಕ್ಕಳು ಜರ್ಮನಿಯ ಯಾವ ಬೀದಿಯಲ್ಲಿರಲಿಲ್ಲ? ಅವರು ಅಂಚೆ ಗುಮಾಸ್ತರಾದರು, ದಾದಿಯರಾದರು, ಉಪಾಧ್ಯಾಯರಾದರು. ಅವರ ಬಾಲ್ಯವನ್ನು ಪಕ್ಕದಲ್ಲಿಟ್ಟು ತೂಗದಿದ್ದರೆ ಆ ‘ಕಾಲುಭಾಗ’ಕ್ಕೆ ಅರ್ಥ ಹುಟ್ಟುವುದಿಲ್ಲ. ತಕ್ಕಡಿಗೆ ಒಂದೇ ತಟ್ಟೆಯಿದ್ದರೆ ತೂಕವೆಲ್ಲಿಯದು?

ಅದೇ 1981ರಲ್ಲಿ ಅಮೆರಿಕದ ಮಾರ್ತಾ ಕ್ರೆನ್‌ಷಾ ಎಂಬ ವಿದುಷಿ ಭಯೋತ್ಪಾದನೆಯ ಕಾರಣಗಳನ್ನು ಕುರಿತು ಬರೆದ ಪ್ರಬಂಧವನ್ನು ಈ ವಿದ್ಯೆಯವರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಈ ಮಂದಿಯಲ್ಲಿ ಎದ್ದು ಕಾಣುವ ಲಕ್ಷಣವೆಂದರೆ ಅವರು ಸಾಮಾನ್ಯರಂತೆಯೇ ಇರುವುದು ಎಂಬುದು ಅವರ ನಿರ್ಣಯದ ತಾತ್ಪರ್ಯ. ಜನಬೆಂಬಲವನ್ನು ಬೇಗ ದೊರಕಿಸಿಕೊಳ್ಳಲಾರದ ಸಣ್ಣ ಗುಂಪು ತನ್ನ ಲೆಕ್ಕಾಚಾರದಂತೆ ಹಿಂಸೆಯನ್ನು ಆರಿಸಿಕೊಳ್ಳುತ್ತದೆಯೆಂದು ಅವರು ವಾದಿಸಿದರು. ಲೆಕ್ಕ ತಪ್ಪಾಗಿರಬಹುದು, ಕ್ರೂರವಾಗಿರಬಹುದು, ಹುಚ್ಚಂತೂ ಅಲ್ಲ.

ಹಾಗಾದರೆ ಸಾಮಾನ್ಯನೊಬ್ಬ ಆ ಗುಂಪಿಗೆ ಹೋಗಿ ಸೇರುವುದು ಹೇಗೆ? ಇದಕ್ಕೆ ನನಗೆ ಬಹಳ ಹಿಡಿಸಿದ ಉತ್ತರ ಇಟಲಿಯಿಂದ ಬಂದದ್ದು. 1980ರ ದಶಕದಲ್ಲಿ ಬೊಲೊನ್ಯಾ ನಗರದ ಕತ್ತಾನೆಯೋ ಸಂಶೋಧನ ಸಂಸ್ಥೆಯ ಯೋಜನೆಯಲ್ಲಿ ದೊನಾತೆಲ್ಲಾ ದೆಲ್ಲಾ ಪೋರ್ತಾ ಎಂಬ ತರುಣ ಸಮಾಜಶಾಸ್ತ್ರಜ್ಞೆ ನ್ಯಾಯಾಲಯಗಳ ದಫ್ತರಗಳನ್ನು ಹರಡಿಕೊಂಡು ಕುಳಿತರು. ಸೆರೆಯಲ್ಲಿದ್ದವರ ಜೀವನ ವೃತ್ತಾಂತಗಳನ್ನು ಅವರ ಬಾಯಿಂದಲೇ ಕೇಳಿದರು. ಗುಪ್ತ ಎಡಪಂಥೀಯ ಸಂಘಟನೆಗಳಿಗೆ ಸೇರಿದ 1,214 ಜನರ ಲೆಕ್ಕ ಅವರಿಗೆ ದೊರೆಯಿತು. ಅವರಲ್ಲಿ 843 ಜನಕ್ಕೆ ಸಂಘಟನೆಯೊಳಗೆ ಮೊದಲೇ ಒಬ್ಬ ಸ್ನೇಹಿತನಾದರೂ ಇದ್ದ. 298 ಜನಕ್ಕೆ ನಂಟರಿದ್ದರು: ಹೆಚ್ಚಾಗಿ ಗಂಡ, ಹೆಂಡತಿ, ಒಡಹುಟ್ಟಿದವರು. ಸಿದ್ಧಾಂತದ ಗ್ರಂಥವನ್ನು ಓದಿ ಮುಗಿಸಿ, ಬಾಗಿಲನ್ನು ಹುಡುಕಿಕೊಂಡು, ಒಬ್ಬನೇ ನಡೆದುಹೋಗಿ ತಟ್ಟಿದವರು ವಿರಳ. ಬಹುಮಂದಿ ಗೆಳೆಯರ ಜತೆಯಲ್ಲಿ ಹೋದರು. ಗೆಳೆಯರೆಲ್ಲ ಹೊರಟಾಗ ಹಿಂದೆ ಉಳಿಯಲಾರದೆ ಹೋದರು.

ಇಟಲಿಯ ‘ಕೆಂಪು ದಳ’ದ ಹುಟ್ಟನ್ನು ನೋಡಿದರೂ ಇದೇ ಕಾಣುತ್ತದೆ. ಆಲ್ಪ್ಸ್ ಪರ್ವತದ ತಪ್ಪಲಿನ ತ್ರೆಂತೋ ಊರಿನಲ್ಲಿ 1962ರಲ್ಲಿ ಆ ದೇಶದ ಮೊದಲ ಸಮಾಜಶಾಸ್ತ್ರ ವಿದ್ಯಾಲಯ ತೆರೆಯಿತು. ಅಲ್ಲಿ ಓದುತ್ತಿದ್ದ ರೆನಾತೋ ಕುರ್ಚೋ, ಮಾರ್ಗರೀತಾ ಕಾಗೋಲ್ ಪ್ರೀತಿಸಿ 1969ರಲ್ಲಿ ಮದುವೆಯಾದರು. ಮರುವರ್ಷ ದಳ ಹುಟ್ಟಿತು. ಸಮಾಜವನ್ನು ಅಭ್ಯಸಿಸಲು ಹೋದವರು ಮುಂದೆ ಸಮಾಜಶಾಸ್ತ್ರದ ಅಭ್ಯಾಸದ ವಸ್ತುವಾದದ್ದು ವಿಧಿಯ ವಿನೋದವೆನ್ನಬೇಕು. 1974ರಲ್ಲಿ ಗಂಡ ಸೆರೆಯಾದ. 1975ರ ಫೆಬ್ರುವರಿಯಲ್ಲಿ ಹೆಂಡತಿಯೇ ಸಂಗಡಿಗರನ್ನು ಕಟ್ಟಿಕೊಂಡು ಸೆರೆಮನೆಗೆ ನುಗ್ಗಿ ಅವನನ್ನು ಬಿಡಿಸಿಕೊಂಡು ಬಂದಳು. ಆ ವರ್ಷದ ಜೂನ್ ತಿಂಗಳಲ್ಲಿ ಪೋಲೀಸರೊಡನೆ ನಡೆದ ಹೊಡೆದಾಟದಲ್ಲಿ ಆಕೆ ಸತ್ತಳು. ಈ ಕಥೆಯಿಂದ ಸಿದ್ಧಾಂತವನ್ನು ಪೂರ್ತಿ ತೆಗೆದುಹಾಕುವುದು ಅನ್ಯಾಯವಾದೀತು. ಅವರಿಬ್ಬರೂ ತಮ್ಮ ರಾಜಕೀಯವನ್ನು ಪ್ರಾಮಾಣಿಕವಾಗಿಯೇ ನಂಬಿದ್ದರು. ಆದರೆ ಯಾವುದು ದಾರ, ಯಾವುದು ನೇಯ್ಗೆ ಎಂದು ಬಿಡಿಸಿ ಹೇಳುವುದು ಅಲ್ಲಿ ಸಾಧ್ಯವಿಲ್ಲ.

ಜರ್ಮನಿಯಲ್ಲಿ ಹೋಲ್ಗರ್ ಮೈನ್ಸ್ ಎಂಬ ಚಲನಚಿತ್ರ ವಿದ್ಯಾರ್ಥಿ ‘ಕೆಂಪು ಸೇನಾದಳ’ವನ್ನು ಸೇರಿ ಸೆರೆಯಾಗಿ, 1974ರ ನವೆಂಬರಿನಲ್ಲಿ ಉಪವಾಸ ಮುಷ್ಕರದಿಂದ ಸತ್ತ. ಎತ್ತರದ ಆ ಯುವಕ ಸಾಯುವಾಗ ತೂಗುತ್ತಿದ್ದದ್ದು 40 ಕಿಲೋಗ್ರಾಂಗೂ ಕಡಿಮೆ. ಆ ಶವದ ಚಿತ್ರವನ್ನು ಹಾನ್ಸ್ ಯೋಆಖಿಮ್ ಕ್ಲೈನ್ ಎಂಬ ಇನ್ನೊಬ್ಬ ಯುವಕ ಸದಾ ತನ್ನ ಬಳಿ ಇಟ್ಟುಕೊಂಡು ತಿರುಗುತ್ತಿದ್ದ, ದ್ವೇಷ ಮೊಂಡಾಗದಿರಲೆಂದು! 1975ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ತೈಲರಾಷ್ಟ್ರಗಳ ಮಂತ್ರಿಗಳನ್ನು ಸೆರೆಹಿಡಿದವರ ಗುಂಪಿನಲ್ಲಿ ಅವನೂ ಇದ್ದ. ಅಲ್ಲಿ ಮೂವರ ಕೊಲೆಯಾಯಿತು. ಅವನಿಗೆ ಹೊಟ್ಟೆಗೆ ಗುಂಡು ತಗುಲಿತು. ಎರಡು ವರ್ಷದೊಳಗೆ ಅವನು ಎಲ್ಲವನ್ನೂ ಬಿಟ್ಟು, ತನ್ನ ಪಿಸ್ತೂಲನ್ನು ಒಂದು ವಾರಪತ್ರಿಕೆಯ ಕಚೇರಿಗೆ ಅಂಚೆಯಲ್ಲಿ ಕಳಿಸಿ ತಲೆಮರೆಸಿಕೊಂಡ. ಅವನನ್ನು ಒಳಕ್ಕೆ ಎಳೆದದ್ದು ಒಂದು ಗ್ರಂಥವಲ್ಲ, ಒಂದು ಛಾಯಾಚಿತ್ರ.

ಮಾರ್ಕ್ ಸೇಜ್‌ಮನ್ ಎಂಬ ಅಮೆರಿಕದ ಮನೋವೈದ್ಯರು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೇರೆಯದೇ ಕಾಲ, ಬೇರೆಯದೇ ಧರ್ಮ, ಬೇರೆಯದೇ ಉದ್ದೇಶದ 172 ಜನರನ್ನು ಪರಿಶೀಲಿಸಿದರು. ಇವರು ಆಲ್ ಖೈದಾ ಮತ್ತು ಅದರ ಬಳಗಕ್ಕೆ ಸೇರಿದವರು. ಅಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲಿನವರನ್ನು ಕರೆದೊಯ್ದದ್ದು ಹಳೆಯ ಗೆಳೆತನ. ಇನ್ನು ಕೆಲವರನ್ನು ರಕ್ತಸಂಬಂಧ. ಪರದೇಶದಲ್ಲಿ ಒಂಟಿಯಾಗಿದ್ದ ತರುಣರು ಒಟ್ಟಿಗೆ ಉಂಡರು, ಒಟ್ಟಿಗೆ ಪ್ರಾರ್ಥನೆ ಮಾಡಿದರು, ಒಟ್ಟಿಗೆ ಸಿಟ್ಟಾದರು. ದ್ವೇಷ ಹುಟ್ಟುವುದಕ್ಕೆ ಮೊದಲೇ ಅಲ್ಲಿ ಪ್ರೀತಿಯಿತ್ತು.

ತರಗತಿಯಲ್ಲಿ ಪಂಪನ ಕರ್ಣನನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ಲೆಕ್ಕಗಳು ನೆನಪಾಗುತ್ತವೆ. ಕೃಷ್ಣನೇ ಬಂದು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನು ಕೊಡುತ್ತೇನೆಂದರೂ ಕರ್ಣ ಕದಲುವುದಿಲ್ಲ. ದುರ್ಯೋಧನನ ಪಕ್ಷ ನ್ಯಾಯವೋ ಅನ್ಯಾಯವೋ ಎಂಬ ತರ್ಕ ಅವನ ಮನಸ್ಸಿನಲ್ಲಿ ಮುಖ್ಯವಾಗಿಯೇ ಇಲ್ಲ. ತನ್ನ ಹೆಂಡತಿಯೊಡನೆ ಪಗಡೆಯಾಡುತ್ತಿದ್ದ ಗೆಳೆಯನನ್ನು ಸಂಶಯದಿಂದ ನೋಡದೆ ಇದ್ದ ಒಬ್ಬನ ನಂಬಿಕೆ ಅವನನ್ನು ಕಟ್ಟಿಹಾಕಿದೆ. ಹದಿನೆಂಟು ಹತ್ತೊಂಬತ್ತರ ಹುಡುಗರು ಅಲ್ಲಿ ಕಣ್ಣರಳಿಸಿ ಕೂರುತ್ತಾರೆ. ನಾನು ಕರ್ಣನನ್ನು ಈ ಕೊಲೆಗಾರರ ಪಂಕ್ತಿಯಲ್ಲಿ ಕೂರಿಸುತ್ತಿದ್ದೇನೆಂದು ವಾಚಕರು ತಿಳಿಯಬಾರದು. ನೇರವಾಗಿ ರಣರಂಗದಲ್ಲಿ ನಿಂತವನಿಗೂ ರೈಲಿನಲ್ಲಿ ಬಾಂಬಿಟ್ಟು ಓಡುವವನಿಗೂ ಸಾಮ್ಯವಿಲ್ಲ. ಆದರೆ ಆ ವಯಸ್ಸಿನಲ್ಲಿ ಸ್ನೇಹವು ನ್ಯಾಯಕ್ಕಿಂತ ದೊಡ್ಡ ಧರ್ಮವಾಗಿ ತೋರುತ್ತದೆಂಬುದನ್ನು ಆ ಹುಡುಗರ ಮುಖಗಳಲ್ಲಿ ನಾನು ವರ್ಷವರ್ಷವೂ ಕಂಡಿದ್ದೇನೆ. ಇಟಲಿಯ ಅಂಕಿ ಅಂಶಗಳನ್ನು ನಾನು ಸುಲಭವಾಗಿ ನಂಬಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಸುಲಭವಾಗಿ ನಂಬಿದೆನೆಂದ ಮೇಲೆ ಒಂದು ತಡೆಯನ್ನೂ ಹೇಳಿಬಿಡಬೇಕು. ಆ 843ರ ಲೆಕ್ಕ ಆರಂಭವಾಗುವುದು ಒಳಗೆ ಹೋದವರಿಂದ. ಅವರಿಗೆ ಒಳಗೊಬ್ಬ ಗೆಳೆಯನಿದ್ದ, ನಿಜ. ಆದರೆ ಒಳಗೆ ಹೋದವನಿಗೆ ಹೊರಗೆ ಎಷ್ಟು ಜನ ಗೆಳೆಯರಿದ್ದರು? ಒಂದೇ ಕೊಠಡಿಯಲ್ಲಿದ್ದು, ಒಂದೇ ಮೆರವಣಿಗೆಯಲ್ಲಿ ಕೂಗಿ, ಆ ರಾತ್ರಿ ಮಾತ್ರ ಮನೆಗೆ ಹೋಗಿ ಮಲಗಿದವರೆಷ್ಟು? ಅವರ ಹೆಸರು ನ್ಯಾಯಾಲಯದ ದಫ್ತರದಲ್ಲಿ ಬರುವುದಿಲ್ಲ. ಜರ್ಮನಿಯ ತಬ್ಬಲಿಗಳ ಲೆಕ್ಕದಲ್ಲಿದ್ದ ದೋಷವೇ ಇಲ್ಲಿಯೂ ಹೊಂಚುತ್ತಿದೆ. ಬಾಂಬಿಟ್ಟವನ ಗೆಳೆಯರು ಯಾರೆಂದು ಕೇಳುವುದು ಸಂಶೋಧನೆ. ಅವನ ಗೆಳೆಯರೆಲ್ಲ ಬಾಂಬಿಡುವವರೆಂದು ತಿಳಿಯುವುದು ಅನ್ಯಾಯ. ಅಧಿಕಾರಿಗಳು ಈ ಗ್ರಂಥಗಳನ್ನು ಹಿಂದುಮುಂದಾಗಿ ಓದಿದರೆ ಒಂದು ಬೀದಿಯ, ಒಂದು ಜಾತಿಯ, ಒಂದು ಧರ್ಮದ ಹುಡುಗರೆಲ್ಲ ಅಪರಾಧಿಗಳಾಗುತ್ತಾರೆ. ಲೋಕದಲ್ಲಿ ಇದು ಆಗದೆ ಇಲ್ಲ.

2004, 2005ರಲ್ಲಿ ಮ್ಯಾಡ್ರಿಡ್ ಮತ್ತು ಲಂಡನ್ ನಗರಗಳಲ್ಲಿ ರೈಲುಗಳಲ್ಲಿ ಬಾಂಬುಗಳು ಸಿಡಿದ ಮೇಲೆ, ಮನುಷ್ಯ ಹಂತಹಂತವಾಗಿ ಉಗ್ರನಾಗುವ ಕ್ರಮವನ್ನು ಚಿತ್ರಿಸುವ ಸಿದ್ಧಾಂತಗಳು ಬಹಳ ಬಂದವು. ಒಬ್ಬರು ಅದನ್ನು ಮಹಡಿಯ ಮನೆಗೆ ಹೋಲಿಸಿದರು. ನೆಲ ಅಂತಸ್ತಿನಲ್ಲಿ ಕೋಟಿಗಟ್ಟಲೆ ಅಸಂತುಷ್ಟರು. ಮೇಲೇರಿದಂತೆ ಮೆಟ್ಟಿಲು ಕಿರಿದಾಗುತ್ತದೆ. ಐದನೆಯ ಅಂತಸ್ತಿನಲ್ಲಿ ಕೊಲೆ. ನೆನಪಿಟ್ಟುಕೊಳ್ಳಲು ಚೆನ್ನಾಗಿದೆ. ಆದರೆ ಉಲ್ರೀಕೆ ಮೈನ್‌ಹೋಫಳ ಕಥೆಯನ್ನು ನೋಡಿ. 1970ರ ಮೇ 14ರಂದು, ಬರ್ಲಿನ್ನಿನ ಒಂದು ಸಂಶೋಧನ ಸಂಸ್ಥೆಯ ಗ್ರಂಥಾಲಯಕ್ಕೆ ಸೆರೆಯಾಳು ಆಂಡ್ರಿಯಾಸ್ ಬಾಡರನನ್ನು ಕಾವಲಿನಲ್ಲಿ ಕರೆತಂದರು. ಆಕೆಯೊಡನೆ ಸೇರಿ ಪುಸ್ತಕ ಬರೆಯುತ್ತಾನೆಂಬ ನೆಪದಿಂದ. ಸಂಗಡಿಗರು ನುಗ್ಗಿದರು, ಗುಂಡು ಹಾರಿತು, ಸಂಸ್ಥೆಯ ಒಬ್ಬ ನೌಕರ ಪ್ರಾಣಾಪಾಯವಾಗುವಂತೆ ಗಾಯಗೊಂಡ. ಬಾಡರ್ ಕಿಟಕಿಯಿಂದ ಹಾರಿದ. ಏನೂ ಅರಿಯದ ಲೇಖಕಿಯಂತೆ ಆಕೆ ಅಲ್ಲಿಯೇ ಕುಳಿತಿರಬೇಕೆಂಬುದು ಮೊದಲಿನ ಏರ್ಪಾಡಾಗಿತ್ತೆಂದು ಹೇಳುತ್ತಾರೆ. ಆಕೆಯೂ ಹಿಂದೆಯೇ ಹಾರಿದಳು. ಮೆಟ್ಟಿಲಿನ ಸಿದ್ಧಾಂತದಲ್ಲಿ ಕಿಟಕಿಗೆ ಸ್ಥಳವಿಲ್ಲ. ಎರಡು ವರ್ಷಗಳ ಮೇಲೆ, 1972ರ ಮೇ ತಿಂಗಳಲ್ಲಿ, ಆಕೆಯ ಸಂಘಟನೆಯ ಬಾಂಬುಗಳಿಗೆ ನಾಲ್ವರು ಬಲಿಯಾದರು.

ಈ ವಿದ್ಯೆಗೆ ಇನ್ನೊಂದು ಬಡತನವಿತ್ತು. ಕೊಲೆಗಾರರನ್ನು ಕಣ್ಣಾರೆ ಕಂಡು ಬರೆದವರು ಕಡಿಮೆ. ಬ್ರಿಟನ್ನಿನ ಆಂಡ್ರೂ ಸಿಲ್ಕ್ ಅವರು 2001ರಲ್ಲಿ ಪರಿಶೀಲಿಸಿದಾಗ, ಹೆಚ್ಚಿನ ಲೇಖನಗಳು ಪತ್ರಿಕೆ ಪುಸ್ತಕಗಳಿಂದ ಹೆಕ್ಕಿದ ಎರಡನೆಯ ಕೈಯ ಸರಕಿನವೆಂದು ತೋರಿತು. 2014ರಲ್ಲಿ ಸೇಜ್‌ಮನ್ನರು ಕಟುವಾಗಿಯೇ ಬರೆದರು: ಸರಕಾರದ ಬಳಿ ಸಾಮಗ್ರಿಯಿದೆ, ಅದನ್ನು ತೂಗುವ ವಿದ್ಯೆಯಿಲ್ಲ, ವಿದ್ವಾಂಸರ ಬಳಿ ವಿದ್ಯೆಯಿದೆ, ಸಾಮಗ್ರಿಯಿಲ್ಲ, ಇಬ್ಬರೂ ಒಬ್ಬರಿಗೊಬ್ಬರು ಬಾಗಿಲು ಮುಚ್ಚಿದ್ದಾರೆ ಎಂಬುದು ಅವರ ದೂರು. ಇದಕ್ಕೆ ಸಮಾಧಾನವಾಗಿ ಬಾರ್ಟ್ ಶೂರ್‌ಮನ್ ಎಂಬ ಡಚ್ ವಿದ್ವಾಂಸರು 2007ರಿಂದ 2016ರ ವರೆಗಿನ 3,442 ಲೇಖನಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮೂಲ ಸಾಮಗ್ರಿ ಕಾಣುತ್ತಿದೆಯೆಂದು ತೋರಿಸಿದ್ದಾರೆ. ದಾರಿ ಸುಧಾರಿಸುತ್ತಿದೆಯೆನ್ನಬೇಕು.

ಒಳಗೆ ಹೋಗುವ ಬಗೆಗಿಂತ ಹೊರಗೆ ಬರುವ ಬಗೆಯನ್ನು ತಿಳಿಯುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿಯೂ ಇಟಲಿಯೇ ಪಾಠಶಾಲೆ. 1978ರ ಮಾರ್ಚ್ 16ರ ಬೆಳಿಗ್ಗೆ ‘ಕೆಂಪು ದಳ’ದವರು ಮಾಜಿ ಪ್ರಧಾನಮಂತ್ರಿ ಆಲ್ದೋ ಮೋರೋ ಅವರ ಐವರು ಅಂಗರಕ್ಷಕರನ್ನು ರೋಮಿನ ಬೀದಿಯಲ್ಲಿ ಕೊಂದು ಅವರನ್ನು ಹೊತ್ತೊಯ್ದರು. ಮೋರೋ ರೋಮ್ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಪ್ರಾಧ್ಯಾಪಕರೂ ಆಗಿದ್ದರು. ಅಂದು ಕಾರಿನಲ್ಲಿದ್ದ ಚೀಲಗಳಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳಿದ್ದವು. ಐವತ್ತೈದು ದಿನಗಳ ಮೇಲೆ, ಮೇ 9ರಂದು, ಅವರ ಶವ ಒಂದು ಕಾರಿನ ಹಿಂಬದಿಯಲ್ಲಿ ಸಿಕ್ಕಿತು. ಎರಡು ವರ್ಷಗಳ ಹಿಂದೆ ಉಲ್ರೀಕೆ ಮೈನ್‌ಹೋಫ್ ತನ್ನ ಸೆರೆಕೋಣೆಯಲ್ಲಿ ಸತ್ತದ್ದೂ ಮೇ 9ರಂದೇ.

1980ರ ಫೆಬ್ರುವರಿಯಲ್ಲಿ ದಳದ ಟ್ಯೂರಿನ್ ಶಾಖೆಯ ಮುಖಂಡ ಪಾತ್ರೀತ್ಸ್ಯೊ ಪೇಚಿ ಸೆರೆಸಿಕ್ಕಿ, ತನಗೆ ತಿಳಿದದ್ದನ್ನೆಲ್ಲ ಪೋಲೀಸರಿಗೆ ಹೇಳಿಬಿಟ್ಟ. ದಳದವರು ಅವನ ಮೇಲೆ ಸೇಡನ್ನು ತೀರಿಸಿಕೊಳ್ಳಲಾಗಲಿಲ್ಲ. 1981ರಲ್ಲಿ ಅವನ ತಮ್ಮನನ್ನು ಹಿಡಿದು, ಸುಮಾರು ಎರಡು ತಿಂಗಳು ಬಂಧನದಲ್ಲಿಟ್ಟು ಕೊಂದರು. ಬಂಧುತ್ವದ ಬಲವನ್ನು ವಿದ್ವಾಂಸರಿಗಿಂತ ಮೊದಲೇ ಕೊಲೆಗಾರರು ಬಲ್ಲರು! ಇದಾದ ಮೇಲೂ ಹೊರಬರುವವರು ಹೊರಬಂದರು. ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದವರಿಗೆ ಶಿಕ್ಷೆಯನ್ನು ಇಳಿಸುವ ಕಾನೂನು 1982ರಲ್ಲಿಯೂ, ಸಂಗಡಿಗರ ಮೇಲೆ ಸಾಕ್ಷಿ ಹೇಳದೆ ಹಿಂಸೆಯನ್ನು ಮಾತ್ರ ತೊರೆದವರಿಗೆ ರಿಯಾಯಿತಿ ಕೊಡುವ ಕಾನೂನು 1987ರಲ್ಲಿಯೂ ಬಂದವು. ಎರಡನೆಯದರ ಸೂಕ್ಷ್ಮವನ್ನು ಗಮನಿಸಬೇಕು. ಗೆಳೆಯನನ್ನು ಹಿಡಿದುಕೊಡು ಎಂದರೆ ಒಪ್ಪದವನು, ಬಂದೂಕನ್ನು ಬಿಡು ಎಂದರೆ ಒಪ್ಪಬಹುದು. ಸೆರೆಮನೆಗಳಲ್ಲಿ ಇಂಥವರು ಒಟ್ಟಾಗಿರಲು ಪ್ರತ್ಯೇಕ ವಿಭಾಗಗಳೂ ಏರ್ಪಟ್ಟವು. ಗುಂಪಾಗಿ ಹೋದವರು ಅಲ್ಲಿ ಗುಂಪಾಗಿಯೇ ಚರ್ಚಿಸಿ, ಜಗಳವಾಡಿ, ಹಿಂತಿರುಗಿದರು.

ಸತ್ತವರ ಮಕ್ಕಳ ಪಾಡೇನು? ಸಂಶೋಧನೆಯ ಬಹುಭಾಗ ಅವರತ್ತ ನೋಡಲೇ ಇಲ್ಲ. ಕೊಂದವನ ಬಾಲ್ಯಕ್ಕೆ ಸಂಪುಟಗಳು, ಕೊಲೆಯಾದವನ ಮನೆಗೆ ಒಂದು ಅಡಿಟಿಪ್ಪಣಿ. ಇಟಲಿಯಲ್ಲಿ ಒಬ್ಬ ಕ್ರೈಸ್ತ ಪಾದ್ರಿ, ಒಬ್ಬ ಅಪರಾಧಶಾಸ್ತ್ರದ ಪ್ರಾಧ್ಯಾಪಕ, ಒಬ್ಬ ಕಾನೂನಿನ ಪ್ರಾಧ್ಯಾಪಿಕೆ, ಈ ಮೂವರು ಕೂಡಿ ಪತ್ರಿಕೆಗಳ ಕಣ್ಣಿಗೆ ಬೀಳದಂತೆ ಒಂದು ಪ್ರಯೋಗವನ್ನು ನಡೆಸಿದರು. ಕೊಂದ ಸಂಘಟನೆಗಳ ಹಳಬರನ್ನೂ ಸತ್ತವರ ಮನೆಯವರನ್ನೂ ವರ್ಷಗಟ್ಟಲೆ ಮತ್ತೆ ಮತ್ತೆ ಒಂದೆಡೆ ಕೂರಿಸಿದರು. 2015ರಲ್ಲಿ ಅದರ ವೃತ್ತಾಂತ ಪುಸ್ತಕವಾಗಿ ಬಂದಿತು. ಅಲ್ಲಿಗೆ ಹೋದವರಲ್ಲಿ ಆಲ್ದೋ ಮೋರೋ ಅವರ ಮಗಳು ಆನ್ಯೇಸೆಯೂ, ಅವರ ಅಪಹರಣದಲ್ಲಿ ಪಾಲ್ಗೊಂಡು ಶಿಕ್ಷೆಯನ್ನನುಭವಿಸಿದ ಆದ್ರಿಯಾನಾ ಫಾರಾಂದಾ, ಫ್ರಾಂಕೋ ಬೊನಿಸೋಲಿ ಎಂಬವರೂ ಇದ್ದರು. ಆ ಮೇಲೆ ಇವರು ಎಷ್ಟೋ ಸಭೆಗಳಲ್ಲಿ, ವಿದ್ಯಾರ್ಥಿಗಳ ಮುಂದೆ, ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ಮಾತನಾಡಿದ್ದಾರೆ. ಹಾಗೆ ಕುಳಿತದ್ದು ಸರಿಯಲ್ಲವೆಂದು ನೊಂದುಕೊಂಡ ಬೇರೆ ಮನೆಯವರೂ ಅಲ್ಲಿ ಇದ್ದಾರೆ.